ಆವನಿಯ ರಕ್ತ ಹೊತ್ತು ತರುವ ಗಂಗಾಲಕ್ಷ್ಮಿ

ಬೆಳಗಿನ ಆರು ಗಂಟೆ. ಮುಳಬಾಗಿಲು ಬಳಿಯ ಆವನಿ ಗ್ರಾಮದ ರಾಮಲಕ್ಷ್ಮಮ್ಮನವರ ಅಡುಗೆಮನೆಯಲ್ಲಿ ಕಾಫಿಗೆ ಹಾಲು ಕಾಯಿಸುತ್ತಿರುವವರು ಮನೆಯವರಲ್ಲ, ಕೋಲಾರದಿಂದ ಸ್ಕೂಟರಿನಲ್ಲಿ ಬಂದಿರುವ ಗಂಗಾಲಕ್ಷ್ಮಿ. ಬಂದಿರುವುದು ರಕ್ತ ತೆಗೆದುಕೊಳ್ಳಲು. "ಏಳ್ಬೇಡಿ ಅಜ್ಜಿ, ಮಾತ್ರೆನೂ ಮುಟ್ಬೇಡಿ. ಮೊದ್ಲು ರಕ್ತ, ಆಮೇಲೆ ಮಿಕ್ಕಿದ್ದು" ಎಂದು ಒಲೆಯ ಮುಂದಿನಿಂದಲೇ ತಾಕೀತು ಮಾಡುತ್ತಾರೆ.

ರಾಮಲಕ್ಷ್ಮಮ್ಮನವರಿಗೆ ಹನ್ನೊಂದು ವರ್ಷದಿಂದ ಕೀಲುವಾತ. ಮೈ ಕಾಯಬೇಕಾದ ರೋಗನಿರೋಧಕ ಕಣಗಳೇ ಕೀಲುಗಳ ಮೇಲೆರಗುವ ಕಾಯಿಲೆ. ಹಿಪ್ಪುನೇರಳೆ ಸೊಪ್ಪು ಕೊಯ್ದ ಕೈಗೆ ಈಗ ಬೆಳಿಗ್ಗೆ ಲೋಟವೂ ಭಾರ. ಪ್ರೋಟೀನ್ ತಯಾರಿಸದ ಕೆಲವು ಆರ್‌ಎನ್‌ಎಗಳಿಗೂ ಈ ಕಣಗಳಿಗೂ ಏನು ನಂಟು ಎಂದು ಕೋಲಾರದ ಪ್ರಯೋಗಾಲಯವೊಂದು ಹುಡುಕುತ್ತಿದೆ. ಅದಕ್ಕೆ ಮನೆಮನೆಯಿಂದ ರಕ್ತ ತಂದುಕೊಡುವ ಗಂಗಾಲಕ್ಷ್ಮಿ ಇದನ್ನು ವಿವರಿಸುವ ಬಗೆಯೇ ಬೇರೆ: "ಕಾವಲಿಗಿಟ್ಟ ನಾಯಿ ಮನೆಯೋರ್ನೇ ಕಚ್ತಾ ಐತೆ ಅಂದ್ಕೊಳ್ಳಿ. ಈ ಆರ್‌ಎನ್‌ಎಗಳಲ್ಲಿ ಕೆಲವು ಸುಮ್ನಿರು ಅಂತ ಗದರ್ತವೆ, ಕೆಲವು ಛೂ ಬಿಡ್ತವೆ."

ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಕಡೆಯ ನಲವತ್ತಾರು ರೋಗಿಗಳು ಅವರ ಪಾಲಿಗಿದ್ದಾರೆ. ದಿನಕ್ಕೆ ಮೂರು ಮನೆ. ತೆಗೆದ ನಾಲ್ಕು ತಾಸಿನೊಳಗೆ ರಕ್ತ ಪ್ರಯೋಗಾಲಯ ಸೇರದಿದ್ದರೆ ಶ್ರಮವೆಲ್ಲ ನೀರುಪಾಲು.

ಹೋದ ವರ್ಷ ಆವನಿಯ ಐದು ಮಂದಿಯ ರಕ್ತ ಮಾತ್ರ ಯಾವ ಲೆಕ್ಕಕ್ಕೂ ಸಿಗಲಿಲ್ಲ. ಕಾಯಿಲೆ ಜೋರಾಗಿದ್ದರೂ ಕಣಗಳು ತಣ್ಣಗಿದ್ದವು. ಬೇರೆ ಯಾರದೋ ರಕ್ತ ತುಂಬಿ ತಂದಿರಬಹುದೆಂಬ ಗುಮಾನಿ ಗಂಗಾಲಕ್ಷ್ಮಿಯ ಮೇಲೆಯೇ ಬಿತ್ತು. ಆವನಿಯನ್ನು ಪಟ್ಟಿಯಿಂದ ಕೈಬಿಡುವ ಮಾತೂ ಬಂತು. ಅವರಿಗದರಿಂದ ತುಂಬಾ ನೋವಾಯಿತು.

ಒಂದು ದಿನ ಹೇಳದೆ ಕೇಳದೆ ಐದು ಗಂಟೆಗೇ ಬಂದರು. ರಾಮಲಕ್ಷ್ಮಮ್ಮ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರು. ಕಣಗಳನ್ನು ತಣ್ಣಗಾಗಿಸುವ ಮಾತ್ರೆಯೇ ಅದು. ಕೇಳಿದರೆ, "ಬರೋಳಿಗೆ ಒಂದ್ ಲೋಟ ಕಾಫಿನೂ ಕೊಡ್ದೆ ಬಿದ್ಕೊಂಡಿರ್ಲಾ ಅಮ್ಮಾಯಿ? ಮಾತ್ರೆ ಹಾಕ್ಕೊಂಡ್ರೇನೆ ನನ್ ಕೈ ಮಡಚೋದು" ಎಂದರು. ಮಿಕ್ಕ ನಾಲ್ಕು ಮನೆಯಲ್ಲೂ ಇದೇ ಉಪಚಾರ. ಬೈಯಬೇಕೋ ತಬ್ಬಿಕೊಳ್ಳಬೇಕೋ ಗಂಗಾಲಕ್ಷ್ಮಿಗೆ ತೋಚಲಿಲ್ಲ.

"ತಪ್ಪು ನಂದೂ ಇತ್ತು. ಬರೀ ಹೊಟ್ಟೇಲಿರಿ ಅಂದಿದ್ದೆ, ಮಾತ್ರೆ ಮಾತು ಎತ್ತಿರ್ಲಿಲ್ಲ" ಎನ್ನುತ್ತಾರೆ. ಪ್ರಯೋಗಾಲಯದಲ್ಲೂ ಅದನ್ನೇ ಒಪ್ಪಿಕೊಂಡು ಇನ್ನೊಂದು ಅವಕಾಶ ಕೇಳಿದರು. ಅಂದಿನಿಂದ ಆವನಿಯಲ್ಲಿ ಕಾಫಿ ಮಾಡುವುದು ಅವರದೇ ಕೆಲಸ. ಹೊಸ ರಕ್ತದ ಫಲಿತಾಂಶ ಹೋದ ತಿಂಗಳು ಬಂತು, ಬೇರೆ ಊರುಗಳದಕ್ಕೆ ತಾಳೆಯಾಯಿತು.

ಬೆರಳು ಸೊಟ್ಟಗಾಗುವ ಮುಂಚೆಯೇ ಕಾಯಿಲೆ ಪತ್ತೆ ಹಚ್ಚುವ ಪರೀಕ್ಷೆ ಇದರಿಂದ ಬಂದೀತೆಂಬ ಆಸೆ ಎಲ್ಲರಿಗೂ ಇದೆ. ಅದು ಇನ್ನೂ ದೂರದ ಮಾತು. ಸಂಶೋಧನೆ ಅಚ್ಚಾದಾಗ ನಿಮ್ಮ ಹೆಸರು ಬರುತ್ತದೆಯೇ ಎಂದರೆ ಗಂಗಾಲಕ್ಷ್ಮಿ ರಕ್ತದ ಪೆಟ್ಟಿಗೆಯನ್ನು ಸ್ಕೂಟರಿಗೆ ಬಿಗಿಯುತ್ತಾ ನಗುತ್ತಾರೆ.

"ನನ್ ಹೆಸ್ರು ಬಿಡಿ. ಆವನಿ ರಕ್ತ ಸಾಚಾ ಅಂತ ಬರೀಲಿ, ಸಾಕು."