ಬುತ್ತಿ ಕಟ್ಟಿಕೊಂಡ ವಿಮಾನ

ಸೀಟಿನ ಬೆಲ್ಟಿನ ಬಕಲ್ ಮುಕ್ಕಾಲು ಮಿಲಿಮೀಟರ್ ಅಗಲವಿತ್ತು. ಸಣ್ಣ ಹೊಲಿಗೆಸೂಜಿಗೆ ತಾಮ್ರದ ತಂತಿಯ ಒಂದೇ ಎಳೆಯನ್ನು ಬಿಗಿಯಾಗಿ ಸುತ್ತಿ, ಆ ಸುರುಳಿಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ಪುಟ್ಟ ಪುಟ್ಟ ಉಂಗುರಗಳು ಉದುರುತ್ತವೆ. ಹನ್ನೆರಡು ಉದುರಿದವು. ಏಳು ನೆಲದ ಕಲ್ಲುಗಳ ಸಂದಿಗೆ ಹೋದವು, ಮೂರು ಚಪ್ಪಟೆ ಮಾಡುವಾಗ ಮುರಿದವು. ಎರಡು ಉಳಿದವು. ನನಗೆ ಬೇಕಿದ್ದುದು ಎರಡೇ.

ಪಾಕಿಸ್ತಾನದ ಜೊತೆಗಿನ ಯುದ್ಧ ಮುಗಿದು ಮೂರು ವರ್ಷವಾಗಿತ್ತು. ನಾನು ಧಾರವಾಡದಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ ಕುಂದಗೋಳದ ಮನೆಗೆ ಮರಳಿದ್ದೆ. ಪಾಸಾದದ್ದಕ್ಕೆ ಮುಂಬಯಿಯ ಸೋದರಮಾವ ಒಂದು ರಟ್ಟಿನ ಪೆಟ್ಟಿಗೆ ತಂದುಕೊಟ್ಟಿದ್ದರು. ಒಳಗೆ ಪ್ಲಾಸ್ಟಿಕ್ಕಿನ ಬಿಡಿಭಾಗಗಳು; ಜೋಡಿಸಿದರೆ ಹಂಟರ್ ಎಂಬ ಯುದ್ಧವಿಮಾನ. ‘ಒಂದು ಸೀರಿ ತರಬಾರದಿತ್ತ?’ ಎಂದು ಅವ್ವ ತನ್ನ ತಮ್ಮನನ್ನು ಬಹಳ ದಿನ ಹಂಗಿಸಿದಳು.

ಅಳತೆ ಎಪ್ಪತ್ತೆರಡರಲ್ಲಿ ಒಂದು. ಅಂದರೆ ಆರಡಿ ಎತ್ತರದ ಮನುಷ್ಯ ಸರಿಯಾಗಿ ಒಂದಿಂಚು. ಈ ಲೆಕ್ಕವೇ ನನಗೆ ಮೊದಲು ಹಿಡಿಸಿದ್ದು. ಆದರೆ ಪೆಟ್ಟಿಗೆ ಮಾಡಿದವರು ಚಾಲಕನ ಕೋಣೆಯಲ್ಲಿ ಮಣೆಯಂಥ ಒಂದು ಸೀಟು, ಅದರ ಮೇಲೆ ಮುಖವಿಲ್ಲದ ಒಂದು ಗೊಂಬೆ ಇಟ್ಟು ಕೈತೊಳೆದುಕೊಂಡಿದ್ದರು. ಉಳಿದದ್ದೆಲ್ಲ ಖಾಲಿ. ಆ ಖಾಲಿತನ ನನಗೆ ಅಪ್ರಾಮಾಣಿಕವಾಗಿ ಕಂಡಿತು.

ನಮ್ಮ ಮನೆಯ ಕಾಳಿನ ಕೋಣೆಗೆ ಒಂದೇ ಬೆಳಕಿಂಡಿ. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಅದರಿಂದ ಒಂದು ಚೌಕ ಬಿಸಿಲು ಜೋಳದ ಚೀಲದ ಮೇಲೆ ಬೀಳುತ್ತಿತ್ತು. ಅದು ನನ್ನ ಕಾರ್ಖಾನೆ. ಹಲ್ಲಿನ ಪೇಸ್ಟಿನ ಖಾಲಿ ಟ್ಯೂಬನ್ನು ಬಿಚ್ಚಿ ಅದರ ತಗಡಿನಿಂದ ಹೊಸ ಸೀಟು ಮಡಚಿದೆ. ಚಹಾ ಪೊಟ್ಟಣದ ಬೆಳ್ಳಿಹಾಳೆ ಬೆಲ್ಟಾಯಿತು. ಗುಂಡುಸೂಜಿ ಚಾಲಕನ ಹಿಡಿಕೆಯಾಯಿತು. ಕಪ್ಪು ಕಾಗದದ ಮೇಲೆ ಸೂಜಿಮೊನೆಯಿಂದ ಬಿಳಿ ಬಣ್ಣ ಮುಟ್ಟಿಸಿ ವೇಗ, ಎತ್ತರ ತೋರಿಸುವ ಹದಿನೇಳು ಗಡಿಯಾರಗಳನ್ನು ಬರೆದೆ. ವಿಶ್ವವಿದ್ಯಾಲಯದ ವಾಚನಾಲಯದಲ್ಲಿ ಒಂದು ಪತ್ರಿಕೆಯ ಫೋಟೋ ನೋಡಿ ಪೆನ್ಸಿಲ್ಲಿನಲ್ಲಿ ನಕಲು ಮಾಡಿಕೊಂಡಿದ್ದೆ. ಅದರಲ್ಲಿ ಕಾಣದ್ದನ್ನು ನಾನು ಮಾಡಲಿಲ್ಲ.

ಒಂದು ಕಡೆ ಬಿಟ್ಟು. ಸೀಟಿನ ಹಿಂದೆ ಒಂದು ಸಂದಿಯಿತ್ತು. ಫೋಟೋದಲ್ಲಿ ಅದು ಬರೀ ಕತ್ತಲೆ. ಗೊತ್ತಿಲ್ಲದ್ದನ್ನು ಊಹಿಸಿ ಮಾಡುವುದು ನನಗೆ ಒಗ್ಗದು. ಆದ್ದರಿಂದ ಗೊತ್ತಿದ್ದದ್ದನ್ನು ಇಟ್ಟೆ. ಮೂರು ಮಿಲಿಮೀಟರ್ ಅಗಲದ ಎರಡು ರೊಟ್ಟಿ, ಕಂದು ಕಾಗದದ್ದು. ಒಂದು ಸಾಸಿವೆ ಕಾಳು, ಅಳತೆಯ ಪ್ರಕಾರ ಅದು ಸರಿಯಾದ ಉಳ್ಳಾಗಡ್ಡಿ. ಎರಡನ್ನೂ ಕೆಂಪು ಬಟ್ಟೆಯ ಚೂರಿನಲ್ಲಿ ಇಟ್ಟು, ಗಂಟನ್ನು ಅರ್ಧ ಮಾತ್ರ ಕಟ್ಟಿದೆ. ಪೂರ್ತಿ ಕಟ್ಟಿದರೆ ಒಳಗಿನದು ಕಾಣುವುದಿಲ್ಲ. ಮೇಲೆ ಗಾಜಿನಂಥ ಮುಚ್ಚಳ ಅಂಟಿಸಿದೆ. ಯಾರಿಗೂ ಹೇಳಲಿಲ್ಲ.

ನಾನು ವಿಮಾನ ಕಟ್ಟುತ್ತಿರುವುದು ಗೊತ್ತಿದ್ದವಳು ಅಕ್ಕ ಒಬ್ಬಳೇ. ನನಗಿಂತ ಎರಡು ವರ್ಷ ದೊಡ್ಡವಳು. ಓಣಿಗೆ ಕೇಳುವಂತೆ ನಗುವವಳು, ಸೂಜಿಗೆ ದಾರ ಪೋಣಿಸಲು ಬಾರದವಳು. ಬಿಸಿಲು ಚೌಕಕ್ಕೆ ಅಡ್ಡ ನಿಂತು ಕೇಳುತ್ತಿದ್ದಳು.

‘ಏನ್ ಮಾಡಾಕತ್ತೀಲೇ?’

‘ಬೆಲ್ಟ್.’

‘ಯಾರಿಗೆ?’

‘ಒಂದಿಂಚಿನ ಮನಶ್ಯಾಗ.’

‘ಮದಿವಿ ಆಗೇತೇನು ಅವಂದು?’

ಮದುವೆಯ ಮಾತು ಅವಳ ಬಾಯಿಗೆ ಸುಮ್ಮನೆ ಬಂದದ್ದಲ್ಲ. ನವಲಗುಂದದ ಕಡೆಯ ಒಂದು ಮನೆಯಿಂದ ಅವಳನ್ನು ನೋಡಲು ಬರುವವರಿದ್ದರು. ಹುಡುಗ ವಿಮಾನದಳದ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವವರು, ರಜೆಯ ಮೇಲೆ ಬಂದಿದ್ದರು. ಯಾರದೋ ಲಗ್ನದ ಪಂಕ್ತಿಯಲ್ಲಿ ಅವರು ಅಕ್ಕನಿಗೆ ಕೇಳದೆಯೇ ಎರಡನೆಯ ಹೋಳಿಗೆ ಬಡಿಸಿದ್ದರಂತೆ, ಕೇಳಿ ಮೂರನೆಯದನ್ನು. ಅಷ್ಟೇ ಪರಿಚಯ. ಅಷ್ಟು ಸಾಕಾಗಿತ್ತು. ‘ಇದು ಆಗಲಿಲ್ಲಂದ್ರ ಇನ್ನೊಬ್ಬನ ಮುಂದ ತಾಟು ಹಿಡ್ಕೊಂಡು ನಿಲ್ಲಂಗಿಲ್ಲ ನಾ,’ ಎಂದು ನನ್ನೊಬ್ಬಳಿಗೆ ಹೇಳಿದ್ದಳು. ಆಗ ಮಾತ್ರ ಅವಳ ದನಿ ಸಣ್ಣದಾಗಿತ್ತು.

ಅಡ್ಡಿಯಿದ್ದುದು ಹುಡುಗನ ಅಜ್ಜಿಯದು. ಆ ಮನೆಯಲ್ಲಿ ಹೂಂ ಅನ್ನುವವರೂ ಊಹೂಂ ಅನ್ನುವವರೂ ಅವರೇ. ನಮ್ಮ ಕಡೆ ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿಯ ಕೈಕೆಲಸ ಇಡುವ ರೂಢಿ, ಹೆಚ್ಚಾಗಿ ಕಸೂತಿ. ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವಂತಿಲ್ಲ. ಹಿಂದೆ ಮುಂದೆ ಎರಡೂ ಒಂದೇ ಥರ ಕಾಣಬೇಕು. ಬಲ್ಲ ಹೆಂಗಸರು ಬಟ್ಟೆಯ ಮುಂಬದಿ ನೋಡುವುದೇ ಇಲ್ಲ, ತಿರುವಿ ಹಿಂಬದಿ ನೋಡುತ್ತಾರೆ. ಈ ಅಜ್ಜಿ ಹಿಂಬದಿಯ ಗಂಟು ನೋಡಿ ಎರಡು ಮನೆಯ ಹುಡುಗಿಯರನ್ನು ಬಿಟ್ಟಿದ್ದಾರೆ ಎಂಬ ಸುದ್ದಿ ಅವರಿಗಿಂತ ಮೊದಲೇ ನಮ್ಮ ಊರು ಮುಟ್ಟಿತ್ತು.

ಅವ್ವ ನಾವು ಕಾಕು ಎನ್ನುವ ಹಿಂದಿನ ಮನೆಯ ಹೆಂಗಸಿನಿಂದ ಒಂದು ಕಸೂತಿ ಸೆರಗು ಎರವಲು ತಂದಳು. ತುಂಬ ಆನೆಗಳು. ಅದನ್ನು ಅಡಗಿಸಿಡಲು ಕಾಳಿನ ಕೋಣೆಗೆ ಬಂದವಳಿಗೆ ಜೋಳದ ಚೀಲದ ಹಿಂದೆ ವಿಮಾನ ಸಿಕ್ಕಿತು. ನಾನು ಬೈಗುಳಕ್ಕೆ ಸಿದ್ಧಳಾದೆ. ಅವ್ವ ಅದನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿ, ‘ಹುಡುಗ ವಿಮಾನದಾಂವಾ ಅಲ್ಲೇನ?’ ಎಂದಳು. ‘ಇದನ್ನೂ ಇಡೂಣು. ಅಕ್ಕ ಮಾಡ್ಯಾಳ ಅನ್ನೂಣು.’

ನಾನು ಬೇಡವೆನ್ನಬಹುದಿತ್ತು. ಅನ್ನಲಿಲ್ಲ. ಅವ್ವ ಶಿರಾದ ರವೆ ಹುರಿಯುವಾಗ ಅಕ್ಕ ಬದಿಯಲ್ಲಿ ಕೂತು ಪಾಠ ಕಲಿಯುವುದನ್ನು ನೋಡುವ ಆಸೆಯಾಯಿತು.

ಎರಡು ದಿನ ಪಾಠ ನಡೆಯಿತು. ನಾನು ಲಟ್ಟಣಿಗೆಯಿಂದ ತೋರಿಸುವುದು, ಅವಳು ಹೇಳುವುದು. ಹಂಟರಿನ ಹೊಟ್ಟೆಯ ಕೆಳಗೆ, ಮೂಗಿನ ಹತ್ತಿರ, ಎರಡು ಉಬ್ಬುಗಳಿರುತ್ತವೆ.

‘ಇವು?’

‘ಗಲ್ಲ.’

‘ಅಲ್ಲ. ಗುಂಡು ಹಾರಿದ ಮ್ಯಾಲ ಗುಂಡಿನ ಸರದಾಗ ಉಳಿಯೂ ಖಾಲಿ ಕೊಂಡಿ ಬೀಳೂ ಡಬ್ಬಿ.’

‘ಅಂದ್ರ ಕಸದ ಡಬ್ಬಿ. ಯವ್ವಾ, ವಿಮಾನದಾಗೂ ಕಸಾ ಹೊಡೀಬೇಕೇನ?’

ಬುತ್ತಿಯ ವಿಷಯ ನಾನು ಹೇಳಲಿಲ್ಲ. ಮರೆತಿರಲಿಲ್ಲ.

ಅವರು ಬಂದ ದಿನ ಅವ್ವ ಪಡಸಾಲೆಗೆ ನವಲಗುಂದದ ಜಮಖಾನವನ್ನೇ ಹಾಸಿದಳು. ಅಜ್ಜಿ ಗಿಡ್ಡ, ತೆಳ್ಳಗೆ. ಕೂಡುವ ಮೊದಲು ಜಮಖಾನದ ಮೂಲೆ ಎತ್ತಿ ಅದರ ಹಿಂಬದಿಯನ್ನೂ ನೋಡಿದರು. ಹುಡುಗ ಅವರ ಬಾಜೂ ಕೂತರು. ಅಕ್ಕ ಶಿರಾ ತಾಟು, ಚಹಾ ಇಟ್ಟು ಎದುರಿಗೆ ಕೂತಳು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ಅಲ್ಲಿಂದ ಎಲ್ಲವೂ ಕಾಣುತ್ತದೆ, ನಾವು ಅಷ್ಟಾಗಿ ಕಾಣುವುದಿಲ್ಲ.

ಅವ್ವ ಸೆರಗನ್ನು ಮುಂದೆ ಸರಿಸಿದಳು. ಅಜ್ಜಿ ತಿರುವಿದರು. ಒಂದೂ ಗಂಟಿಲ್ಲ.

‘ಅಗದಿ ಚಂದ ಐತಿ,’ ಎಂದರು. ಅವ್ವ ಉಸಿರು ಬಿಟ್ಟಳು. ‘ಹ್ವಾದ ವರ್ಷ ಇದ ಊರಾಗ ಇನ್ನೊಂದ ಮನಿಗೆ ಬಂದಿದ್ವಿ. ಅಲ್ಲೂ ಈ ಆನಿ ನೋಡೀನಿ. ಇಲ್ಲೆ, ಹಿಂದಿನ ಕಾಲಿಗೆ ಎರಡು ಹೊಲಿಗಿ ಕಮ್ಮಿ ಐತಿ. ಮನಿ ಎರಡು, ಆನಿ ಒಂದ.’

‘ನಮ್ಮ ಓಣ್ಯಾಗ ಎಲ್ಲಾರೂ ಆನಿ ಹಂಗ ಹಾಕ್ತಾರ್ರಿ,’ ಎಂದಳು ಅವ್ವ.

‘ಮೂರೂವರಿ ಕಾಲಿಂದು?’

ಅವ್ವ ಲಗುಬಗೆಯಿಂದ ವಿಮಾನವನ್ನು ಮುಂದಿಟ್ಟಳು. ‘ಇದನ್ನ ನೋಡ್ರಿ. ಇದೂ ನಮ್ಮ ಹುಡುಗಿ ಕೈಲೆ ಮಾಡಿದ್ದರಿ.’ ‘ನಮ್ಮ ಹುಡುಗಿ’ ಎಂಬುದು ಸುಳ್ಳಲ್ಲ ಎಂದು ಅವ್ವ ಇಂದಿಗೂ ವಾದಿಸುತ್ತಾಳೆ.

ಹುಡುಗ ನೆಟ್ಟಗೆ ಕೂತರು. ಅವರು ಕೈ ಚಾಚುವ ಮೊದಲೇ ಅಜ್ಜಿ ವಿಮಾನವನ್ನು ಎತ್ತಿ, ಸೆರಗಿನಂತೆಯೇ ಅಂಗಾತ ತಿರುವಿಬಿಟ್ಟರು.

‘ಇವೇನಿವು, ಗಲ್ಲ ಉಬ್ಬಿಸಿದಂಗ?’

‘ಖಾಲಿ ಕೊಂಡಿ ಬೀಳೂ ಡಬ್ಬಿರಿ,’ ಎಂದಳು ಅಕ್ಕ, ಉಸಿರು ತೆಗೆದುಕೊಳ್ಳದೆ.

ಹುಡುಗನ ಹುಬ್ಬು ಮೇಲೇರಿತು. ಬಾಗಿಲಲ್ಲಿ ನನಗೆ ಗುರುವಿನ ಹೆಮ್ಮೆ. ಆದರೆ ಅಜ್ಜಿಯ ಹೆಬ್ಬೆರಳು ಗಾಲಿಯ ಬಳಿ ಸರಿಯಿತು. ಹಾರುವಾಗ ಗಾಲಿಯನ್ನು ಒಳಗೆ ಮುಚ್ಚುವ ಪುಟ್ಟ ಬಾಗಿಲೊಂದು ಕಳಚಿ ಶಿರಾದ ಮೇಲೆ ಬಿತ್ತು.

‘ಇದು ಕಳಚಿ ಬರೂದ ಹೌದೇನು?’

‘ಹೌದ್ರಿ,’ ಎಂದಳು ಅಕ್ಕ. ‘ಹಾರೂ ಮುಂದ ಬೀಳ್ತೈತ್ರಿ.’

‘ಹಾರೂ ಮುಂದ ಅದು ಬಿದ್ದರ ನನ್ನ ಜೇಲಿಗೆ ಹಾಕ್ತಾರ್ರಿ,’ ಎಂದರು ಹುಡುಗ. ಅಂದು ಅಕ್ಕನ ಕಡೆ ಅವರು ಆಡಿದ ಮೊದಲ ಮಾತು ಅದು. ಆಮೇಲೆ ಅಜ್ಜಿಯ ಕೈಯಿಂದ ವಿಮಾನ ತೆಗೆದುಕೊಂಡು, ಬೆಳಕಿಗೆ ಹಿಡಿದು, ಮುಚ್ಚಳದ ಹಿಂಬದಿಯಿಂದ ಒಂದು ಕಣ್ಣು ಮುಚ್ಚಿ ಇಣುಕಿದರು. ಬಹಳ ಹೊತ್ತು ಇಣುಕಿದರು. ಅವರ ಕಿವಿ ಕೆಂಪಾಗುವುದು ಕಾಣಿಸಿತು.

‘ಸೀಟಿನ ಹಿಂದ ಕೆಂಪಂದು ಏನ್ರಿ ಅದು?’

ಅಕ್ಕ ನನ್ನ ಕಡೆ ನೋಡಿದಳು. ನಾನು ನನ್ನ ಸೀರೆಯ ಅಂಚನ್ನು ನೋಡಿದೆ. ಆ ಕ್ಷಣದಲ್ಲಿ ನನ್ನ ತಮಾಷೆ ನನಗೇ ಸಣ್ಣದಾಗಿ ಕಂಡಿತು. ಅವಳು ಬಯಸಿದ್ದೊಂದು ನನ್ನ ಸಾಸಿವೆ ಕಾಳಿನ ಮೇಲೆ ನಿಂತಿತ್ತು.

‘ಗೊತ್ತಿಲ್ರಿ,’ ಎಂದಳು ಅಕ್ಕ. ಆಮೇಲೆ ತನ್ನ ಎಂದಿನ ದೊಡ್ಡ ದನಿಯಲ್ಲಿ, ‘ಇದು ನಾ ಮಾಡಿದ್ದಲ್ರಿ. ನಮ್ಮ ತಂಗಿ ಮಾಡಿದ್ದು. ಆನಿನೂ ನಂದಲ್ಲ. ಶಿರಾನೂ ಅವ್ವಂದು. ಚಹಾ ಒಂದ ನಂದು,’ ಎಂದಳು.

‘ಅದಕ್ಕ ಅದರಾಗ ಸಕ್ರಿ ಇಲ್ಲ,’ ಎಂದರು ಅಜ್ಜಿ.

ಅವ್ವ ಗೋಡೆಗೆ ಕೈ ಊರಿದಳು. ಅಪರಿಚಿತರ ಮುಂದೆ ನಾನು ಬಾಯಿ ಬಿಡುವವಳಲ್ಲ. ಆದರೆ ಆಗ ಬಾಗಿಲಿನಿಂದ ನನ್ನ ದನಿಯೇ ಬಂತು.

‘ಆಕಿದೂ ಐತ್ರಿ ಅದರಾಗ. ಗಾಲಿ ಕಾಲಿಗೆ ಅಂಟಿಸಿದ ಬ್ರೇಕಿನ ಪೈಪು ಆಕಿ ಕೂದಲರಿ. ತಂತಿ ದಪ್ಪ ಆಗ್ತಿತ್ತು. ಬಾಚಣಿಕಿಯಾಗಿಂದು ತಗೊಂಡೆ.’

‘ನನ್ನ ಕೂದಲಾ?’ ಅಕ್ಕ ಎಲ್ಲ ಮರೆತು ತಿರುಗಿದಳು. ‘ಕಳ್ಳಿ! ನನ್ನ ಕೇಳಿದ್ದೇನ್ಲೇ?’

ಹುಡುಗ ನಗು ತಡೆಯಲಾರದೆ ವಿಮಾನವನ್ನು ಜಮಖಾನದ ಮೇಲೆ ಇಟ್ಟರು. ಅಜ್ಜಿ ನಗಲಿಲ್ಲ. ಅದನ್ನು ಮತ್ತೆ ಎತ್ತಿ, ಕಣ್ಣಿನ ಹತ್ತಿರ ತಂದು, ಗಾಲಿಯ ಕಾಲನ್ನು ಪರೀಕ್ಷಿಸಿದರು. ಆ ಕೂದಲಿನ ಎರಡು ತುದಿಗಳನ್ನೂ ನಾನು ಒಳಕ್ಕೆ ಅಡಗಿಸಿದ್ದೆ.

‘ಗಂಟಿಲ್ಲ,’ ಎಂದರು. ಆಮೇಲೆ ಅಕ್ಕನಿಗೆ, ‘ತಿರಗು,’ ಎಂದರು.

ಅಕ್ಕ ಬೆನ್ನು ತಿರುಗಿಸಿ ಕೂತಳು. ಅಜ್ಜಿ ಅವಳ ಹೆರಳನ್ನು ಹಿಡಿದು, ತುದಿಯಿಂದ ಬುಡದವರೆಗೆ ನೋಡಿದರು. ‘ಇದನ?’

‘ಇದ ಇರಬೇಕ್ರಿ. ನನಗೂ ಈಗ ಗೊತ್ತಾತು.’

‘ಹ್ವಾದ ವರ್ಷ ಆ ಮನ್ಯಾಗ ಹುಡುಗಿಗೆ ಸೂಜಿ ಹಿಡಿಯಾಕ ಬರಲಿಲ್ಲ, ಆದ್ರೂ ಕಡೀತನಕಾ ಆನಿ ನಮ್ಮದ ಅಂದ್ರು,’ ಎಂದರು ಅಜ್ಜಿ, ಯಾರಿಗೂ ಅಲ್ಲದಂತೆ. ಆಮೇಲೆ ಅವ್ವನಿಗೆ, ‘ನಿಂತೀ ಯಾಕವಾ? ಸಕ್ರಿ ತಗೊಂಬಾ.’

ಅವ್ವ ಓಡಿದಳು. ಸಕ್ಕರೆ ಡಬ್ಬಿಯನ್ನೇ ತಂದಳು. ಅಜ್ಜಿ ಅದರಲ್ಲಿ ಒಂದು ಚಿಟಿಕೆ ತೆಗೆದರು. ಚಹಾಕ್ಕೆ ಹಾಕಲಿಲ್ಲ. ಅಕ್ಕನ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿ ಅವಳ ಬಾಯಿಗೆ ಹಾಕಿದರು. ನಮ್ಮಲ್ಲಿ ಅದಕ್ಕೆ ಒಂದೇ ಅರ್ಥ: ಹೆಣ್ಣು ಒಪ್ಪಿಗೆ. ಹುಡುಗ ಆ ಸಪ್ಪೆ ಚಹಾವನ್ನು ಹಾಗೆಯೇ ಕುಡಿದು ಕಪ್ಪು ಖಾಲಿ ಮಾಡಿದರು.

ಹೊರಡುವಾಗ ಕಟ್ಟೆಯ ಬಳಿ ಅವರು ನನ್ನ ಹತ್ತಿರ ನಿಂತರು. ‘ಬುತ್ತಿ ನಾನೂ ಒಯ್ತೀನ್ರಿ ವರ್ಕ್‌ಶಾಪಿಗೆ. ಆದ್ರ ಸೀಟಿನ ಹಿಂದ ಇಡಾಕ ಬಿಡಂಗಿಲ್ಲ,’ ಎಂದರು. ‘ನೀವು ಮಾಡಿದ್ದು ಒಂದ ಸೀಟಿಂದು. ಕಲಿಸಾಕ ಅಂತ ಎರಡು ಸೀಟಿಂದೂ ಇರ್ತೈತಿ. ಹಿಂದ ಮುಂದ ಅಲ್ಲ, ಬಾಜೂಬಾಜೂ ಕುಂದರ್ತಾರ. ಅದಕ್ಕ ಮೂಗು ಅಗಲ.’

‘ಇದಕ್ಕಿಂತ ಎಷ್ಟು ಹೆಚ್ಚು ಅಗಲ್ರಿ?’

ಅವರು ಎರಡು ಅಂಗೈಗಳನ್ನು ಎದುರುಬದುರು ಹಿಡಿದು ತೋರಿಸಿದರು. ಅವರ ಹಿಂದೆ ನಮ್ಮ ತಲೆಬಾಗಿಲಿತ್ತು. ಅಂಗೈಗಳ ನಡುವೆ ಅದರ ಒಂದೂವರೆ ಹಲಗೆ ಹಿಡಿಸುತ್ತಿತ್ತು. ಹಲಗೆ ಒಂಬತ್ತು ಇಂಚು. ಅವರು ಬಸ್ಸಿನ ಕಡೆ ನಡೆಯುವಷ್ಟರಲ್ಲಿ ಎಪ್ಪತ್ತೆರಡರಿಂದ ಭಾಗಿಸಿ ಮುಗಿಸಿದ್ದೆ: ಐದು ಮಿಲಿಮೀಟರಿಗೆ ಎರಡು ಮೂರು ಕೂದಲೆಳೆಯಷ್ಟು ಕಡಿಮೆ.

ಸಂಜೆ ಅಕ್ಕ ನನ್ನ ಬೆನ್ನಿಗೆ ಗುದ್ದಿದಳು. ‘ಬುತ್ತಿ ಇಟ್ಟದ್ದು ಯಾಕ ಹೇಳಲಿಲ್ಲ, ಖೋಡಿ?’

‘ನೀ ಕೇಳಲಿಲ್ಲ.’

ಇನ್ನೊಂದು ಗುದ್ದು ಬಿತ್ತು. ಆಮೇಲೆ ಅವಳು ವಿಮಾನವನ್ನು ಬೆಳಕಿಗೆ ಹಿಡಿದು, ಅವರು ನೋಡಿದ ಹಾಗೆಯೇ ಒಂದು ಕಣ್ಣು ಮುಚ್ಚಿ ಇಣುಕಿದಳು. ‘ಎರಡ ರೊಟ್ಟಿ,’ ಎಂದಳು. ‘ಸಾಲಂಗಿಲ್ಲ.’

ಮರುದಿನ ಬೆಳಿಗ್ಗೆ ಆನೆಯ ಸೆರಗನ್ನು ಮಡಚಿ ಹಿಂದಿನ ಮನೆಯ ಕಾಕುವಿಗೆ ಕೊಟ್ಟು ಬಂದೆ. ಅವರು ಏನಾಯಿತೆಂದು ಕೇಳಿದರು; ಹಿಂದಿನ ಕಾಲಿಗೆ ಎರಡು ಹೊಲಿಗೆ ಕಡಿಮೆಯಿದೆ ಎಂದಷ್ಟೇ ಹೇಳಿದೆ. ಹತ್ತು ಗಂಟೆಗೆ ಬಿಸಿಲಿನ ಚೌಕ ಜೋಳದ ಚೀಲದ ಮೇಲೆ ಬಿತ್ತು. ಎರಡನೆಯ ಸೀಟಿಗೆಂದು ಅವ್ವನ ಒಗ್ಗರಣೆ ಡಬ್ಬಿಯಿಂದ ತಂದ ಇನ್ನೊಂದು ಸಾಸಿವೆ ಕಾಳನ್ನು ಬಟ್ಟಲಲ್ಲಿ ಎತ್ತಿಟ್ಟೆ. ವಿಮಾನದ ಮುಚ್ಚಳವನ್ನು ಬ್ಲೇಡಿನಿಂದ ಬಿಡಿಸಿ, ಮೂಗಿನ ನಟ್ಟನಡುವೆ ಪೆನ್ಸಿಲ್ಲಿನಲ್ಲಿ ಒಂದು ಗೆರೆ ಎಳೆದು, ಆ ಗೆರೆಗೆ ಗರಗಸದ ಅಲಗನ್ನು ಹಚ್ಚಿದೆ.