ಅತ್ತೆಯ ಪಾಳಿ ಮತ್ತು ಒಂದು ಇಂಗ್ಲಿಷ್ ಶಬ್ದ

ಅಥವಾ ಆ ಶಬ್ದವನ್ನು ವಕೀಲರು ಹೇಳಿರಲೇ ಇಲ್ಲವೇನೋ. ನಾನೇ ಆಮೇಲೆ ಅವರ ಬಾಯಿಗೆ ಹಾಕಿರಬಹುದು. ನನ್ನ ನೆನಪಿನಲ್ಲಿ ಬೀದರಿನ ಆ ವಕೀಲರ ಕೋಣೆಗೆ ಹಸಿರು ಪರದೆ ಇದೆ, ಅತ್ತೆ ಬೆಂಚಿನ ತುದಿಯಲ್ಲಿ ಕೂತಿದ್ದಾಳೆ, ಹೊರಗೆ ಇಬ್ಬರು ಆಟೋದವರು ಜಗಳವಾಡುತ್ತಿದ್ದಾರೆ. ಮುಂದೊಮ್ಮೆ ಅದೇ ಕೋಣೆಗೆ ಹೋದಾಗ ಅಲ್ಲಿ ಪರದೆ ಇರಲಿಲ್ಲ. ಪರದೆ ಹಾಕಲು ಕಿಟಕಿಯೂ ಇರಲಿಲ್ಲ. ಹೀಗಾಗಿ ನನ್ನನ್ನು ನಂಬುವವರು ಸ್ವಲ್ಪ ಕೈ ಬಿಗಿ ಹಿಡಿದೇ ನಂಬಬೇಕು. ಶಬ್ದ ಇಂಬ್ರೋಗ್ಲಿಯೊ. ಅದನ್ನಂತೂ ಆ ದಿನ ಯಾರೋ ಒಬ್ಬರು ಉಚ್ಚರಿಸಿದರು.

“ಇದು ಬರೇ ಕೇಸಲ್ಲವ್ವಾ. ರಾಜಕೀಯನೂ ಕೂಡ್ಯದ, ಕೋರ್ಟೂ ಕೂಡ್ಯದ. ಇದಕ್ಕ ಇಂಬ್ರೋಗ್ಲಿಯೊ ಅಂತಾರ.”

ಅತ್ತೆ ನನ್ನ ಕಡೆ ತಿರುಗಿದಳು. “ಏನಂದ್ರು ತಮ್ಮಾ?”

“ಕಗ್ಗಂಟು ಅಂದ್ರು ಅತ್ತಿ. ಲಗೂನ ಬಿಚ್ಚಲಿಕ್ಕ ಬರಲಾರದ್ದು.”

“ಗಂಟು ತಾನಾಗೇ ಬೀಳಂಗಿಲ್ಲ. ಹಾಕಿದವರು ಯಾರು ಕೇಳು.”

ವಕೀಲರು ನಕ್ಕರು. “ಅದನ್ನ ಕೇಳಿದ್ರ ಇನ್ನೊಂದು ಕೇಸ್ ಆಗ್ತದವ್ವಾ.”

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ಔರಾದ ಕಡೆಯ ಹಳ್ಳಿಯವಳು, ಕುರಿ ಸಾಕಿದವಳು. ಊರ ಹೊರಗಿನ ನಮ್ಮವರ ಓಣಿಯಿಂದ ಗ್ರಾಮ ಪಂಚಾಯಿತಿಗೆ ಗೆದ್ದಿದ್ದಳು. ಗೆದ್ದದ್ದು ಒಂದೇ ಮಾತಿನ ಮೇಲೆ: ಓಣಿಗೆ ನಲ್ಲಿ ತರುತ್ತೇನೆ. ಊರಿನ ಪೈಪು ಸಾಲೆಯ ಗೋಡೆಯವರೆಗೆ ಬಂದು ನಿಂತಿತ್ತು. ಅಲ್ಲಿಂದ ನಮ್ಮ ಓಣಿಗೆ ಕೂಗಿದರೆ ಕೇಳುವಷ್ಟು ದೂರ. ಆ ದೂರವನ್ನು ಹೆಂಗಸರು ತಲೆಯ ಮೇಲೆ ಕೊಡ ಹೊತ್ತು ನಡೆಯುತ್ತಿದ್ದರು. ಅಧ್ಯಕ್ಷರ ಕುರ್ಚಿಯಲ್ಲಿ ಕೂರದ ಹೊರತು ಆ ಪೈಪು ಮುಂದೆ ಸರಿಯುವುದಿಲ್ಲ ಎಂಬುದು ಅತ್ತೆಗೆ ಗೆದ್ದ ಮೇಲೆ ತಿಳಿಯಿತು.

ಅಧ್ಯಕ್ಷರ ಆಯ್ಕೆಗೆ ಮೊದಲು ನಮ್ಮ ಕಡೆ ಮೆಂಬರುಗಳನ್ನು ಟೂರಿಗೆ ಒಯ್ಯುತ್ತಾರೆ. ಹೆಸರು ದೇವರ ದರ್ಶನ. ಕೆಲಸ, ಎದುರು ಪಾರ್ಟಿಯವರ ಕೈಗೆ ಸಿಗದ ಹಾಗೆ ಕಾಯುವುದು. ಎರಡು ಜೀಪು, ಬಂದ್ ಮಾಡಿದ ಮೊಬೈಲು, ಕಂಡಕಂಡಲ್ಲಿ ಭಜಿ. ಅತ್ತೆಯನ್ನೂ ಹಾಗೆ ಒಯ್ದರು. ಅಲ್ಲಿ ಅವಳೂ, ಕುರ್ಚಿಗೆ ಆಸೆಪಟ್ಟಿದ್ದ ಇನ್ನೊಬ್ಬ ಮೆಂಬರೂ ಭಂಡಾರ ಎತ್ತಿದರು. ಮೈಲಾರ ಮಲ್ಲಣ್ಣನ ಅರಿಶಿನವನ್ನು ಅಂಗೈಯಲ್ಲಿ ಹಿಡಿದು ಕೊಡುವ ಮಾತು ಅದು. ಕಾಗದಕ್ಕಿಂತ ಗಟ್ಟಿ, ಏಕೆಂದರೆ ಹರಿಯಲು ಬರುವುದಿಲ್ಲ. ಅವಧಿಯ ಮೊದಲರ್ಧ ಅವರ ಪಾಳಿ, ಆಮೇಲೆ ಅತ್ತೆಯದು. ಅವರ ಪಾಳಿ ಮುಗಿಯುವ ತನಕ ಅತ್ತೆ ಅವರ ವಿರುದ್ಧ ಕೈ ಎತ್ತಬಾರದು. ಇದು ತುಳಜಾಪುರದಲ್ಲಿ ಆಯಿತೆಂದು ಅತ್ತೆ ಒಮ್ಮೆ ಹೇಳಿದ್ದಳು, ಪಂಢರಪುರದ ಧರ್ಮಶಾಲೆಯಲ್ಲಿ ಎಂದು ಇನ್ನೊಮ್ಮೆ. ನಾನು ಅಲ್ಲಿರಲಿಲ್ಲ. ಆದರೂ ಅವಳ ಅಂಗೈಯ ಹಳದಿ ನನಗೆ ಕಾಣುತ್ತದೆ, ಇದೂ ಅನುಮಾನದ ವಿಷಯವೇ.

ಆ ಮೆಂಬರು ಅಧ್ಯಕ್ಷರಾದರು. ಸೋತವರು ಕೋರ್ಟಿಗೆ ಹೋದರು. ಅಧ್ಯಕ್ಷರು ಸಹಿ ಮಾಡಬಾರದೆಂದು ತಡೆಯಾಜ್ಞೆ ಬಂತು, ಮೇಲಿನ ಕೋರ್ಟಿನಲ್ಲಿ ಅದು ತೆರವಾಯಿತು, ಮತ್ತೆ ಬಂತು. ನಡುವೆ ಪಾರ್ಟಿಗಳೂ ಒಡೆದವು. ಕುರ್ಚಿಯ ಮೇಲೆ ಕೂತವರ ಹೆಸರು ಒಂದು, ಸಹಿ ಮಾಡುವ ಉಪಾಧ್ಯಕ್ಷರ ಕೈ ಇನ್ನೊಂದು. ನಮ್ಮ ಓಣಿಗೆಂದು ತಂದ ಪೈಪುಗಳು ಸಾಲೆಯ ಗೋಡೆಗೆ ಒರಗಿ ಬಿಸಿಲಿಗೆ ಬಣ್ಣ ಬಿಟ್ಟವು. ಅತ್ತೆ ನನ್ನ ಜೊತೆ ವಕೀಲರಲ್ಲಿಗೆ ಮೊದಲ ಸಲ ಹೋದದ್ದು ಆಗಲೇ.

ಅರ್ಧ ಅವಧಿ ತುಂಬಿದ ಮೇಲೆ ಅತ್ತೆ ಅಧ್ಯಕ್ಷರ ಮನೆಗೆ ಹೋದಳು. ಜೊತೆಗೆ ನಾನಿದ್ದೆ. ಅವರು ಕೆಟ್ಟವರೆಂದು ಬರೆದರೆ ಈ ಕತೆ ಸಲೀಸಾಗುತ್ತದೆ, ಆದರೆ ಅವರು ಕೆಟ್ಟವರಾಗಿ ಕಾಣಲಿಲ್ಲ. ಚಹಾ ಕೊಟ್ಟರು, ತಾವೇ ಬಸಿಗೆ ಹಾಕಿ ಆರಿಸಿಕೊಟ್ಟರು.

“ನಿಮ್ಮ ಪಾಳಿ ಮುಗೀತಲ್ರಿ,” ಎಂದಳು ಅತ್ತೆ.

“ಅಕ್ಕಾ, ನಾ ಆ ಕುರ್ಚಿ ಮ್ಯಾಲ ಕುಂತಿದ್ದು ಎಷ್ಟು ದಿನ, ನೀವೇ ಹೇಳ್ರಿ. ಸ್ಟೇ ಇದ್ದ ದಿನಾನೂ ನನ್ನ ಪಾಳ್ಯಾಗ ಹಿಡೀತೀರೇನು? ನಾನೂ ಭಂಡಾರ ಎತ್ತೀನಿ. ನನ್ನ ಪಾಳಿ ಇನ್ನಾ ಸುರುನೇ ಆಗಿಲ್ಲ.”

ಅತ್ತೆ ಬಸಿ ಕೆಳಗಿಟ್ಟು ಎದ್ದಳು. ಹೊಲದ ದಾರಿಯಲ್ಲಿ, “ಅಂವ ಹೇಳೋದೂ ಖರೇ ಅದ,” ಎಂದಳು. ನನಗೆ ಸಿಟ್ಟು ಬಂತು. ಭಂಡಾರ ಎತ್ತುವಾಗ ಕೋರ್ಟು ನಡುವೆ ಬಂದು ದಿನಗಳನ್ನೇ ನಿಲ್ಲಿಸಬಹುದು ಎಂದು ಅವರಿಬ್ಬರಿಗೂ ಹೊಳೆದಿರಲಿಲ್ಲ. ಮಳೆ, ಬರ, ಸಾವು, ಎಲ್ಲವನ್ನೂ ನಮ್ಮವರು ಆಣೆಯೊಳಗೆ ಸೇರಿಸುತ್ತಾರೆ. ತಡೆಯಾಜ್ಞೆಯನ್ನು ಸೇರಿಸುವ ರೂಢಿ ಇನ್ನೂ ಬಂದಿಲ್ಲ.

ನಾನು ಬೀದರಿನಲ್ಲಿ ಕಾಲೇಜಿನ ನೌಕರ; ಇಲ್ಲಿಯ ಒಂದು ಪತ್ರಿಕೆಗೆ ಆಗೀಗ ಬರೆಯುತ್ತೇನೆ. ಆ ಸಿಟ್ಟಿನಲ್ಲಿ ಒಂದು ಲೇಖನ ಬರೆದೆ, ಊರಿನ ಹೆಸರು ಹಾಕದೆ. ಕಗ್ಗಂಟು ಎಂಬುದನ್ನು ಪತ್ರಿಕೆಗಳು ದಿನಾ ಬರೆದು ಸವೆಸಿದ್ದವು, ಅದಕ್ಕೇ ತಲೆಬರಹದಲ್ಲಿ ವಕೀಲರ ಶಬ್ದವನ್ನೇ ಇಟ್ಟೆ. ಅದು ನನಗೆ ಹೊಸ ಚಪ್ಪಲಿಯ ಹಾಗೆ ಸದ್ದು ಮಾಡುತ್ತಿತ್ತು. ಕೆಲವು ವಾರಗಳಲ್ಲಿ ಊರಿನ ಹೋಟೆಲಿನಲ್ಲಿ ಅದು ಕೇಳಿಸಿತು, ಬಾಲ ಕತ್ತರಿಸಿಕೊಂಡು.

“ಪೈಪ್ ಯಾವಾಗ ಹಾಕ್ತೀರಿ?” ಎಂದು ಓಣಿಯ ಹೆಂಗಸೊಬ್ಬಳು ಉಪಾಧ್ಯಕ್ಷರನ್ನು ಕೇಳಿದಳು.

“ಇಂಬ್ರೋಗ್ಲಿ ಅದವ್ವಾ, ಏನ್ ಮಾಡ್ಲಿಕ್ಕ ಬರ್ತದ?”

“ಅದಕ್ಕ ಔಷಧ ಇಲ್ಲೇನ್ರಿ? ಕುರಿಗಿ ಬಂದ್ರ ನಾವು ಸುಟ್ಟು ಬರಿ ಹಾಕ್ತೇವಿ.”

ಎಲ್ಲರೂ ನಕ್ಕರು, ಉಪಾಧ್ಯಕ್ಷರೂ. ನಕ್ಕು ಎದ್ದು ಹೋದರು. ಮುಂಚೆ ಅವರು ಇಂಥ ಪ್ರಶ್ನೆಗೆ ಯಾವುದಾದರೂ ಹೆಸರು ಹೇಳಬೇಕಾಗುತ್ತಿತ್ತು: ಅಧ್ಯಕ್ಷ, ಸೋತವರು, ಇಂಜಿನಿಯರ್. ಈಗ ಬೇಡ. ಶಬ್ದ ನನ್ನ ಲೇಖನದಿಂದಲೇ ಅಲ್ಲಿಗೆ ಹೋಯಿತೆಂದು ನಾನು ತಿಳಿಯುವುದು ಬರೆಯುವವನ ಜಂಬವೂ ಇರಬಹುದು. ವಕೀಲರ ಕಕ್ಷಿದಾರರು ಬಹಳ ಮಂದಿ.

ಆಮೇಲೆ ಉಪಾಧ್ಯಕ್ಷರ ಕಡೆಯವರು ಅವಿಶ್ವಾಸ ತರಲು ಹೊರಟರು. ಅವರಿಗೆ ಒಂದು ಕೈ ಕಡಿಮೆ ಇತ್ತು. ಅತ್ತೆ ಕೈ ಎತ್ತಿದರೆ ಉಳಿದ ಅವಧಿಗೆ ಅವಳೇ ಅಧ್ಯಕ್ಷೆ, ಮೊದಲ ಸಹಿ ಓಣಿಯ ಪೈಪಿಗೆ, ಹಾಗೆ ಮಾತಾಯಿತು. ಅತ್ತೆ ಮತ್ತೆ ವಕೀಲರಲ್ಲಿಗೆ ಹೊರಟಳು. ಇದು ಆ ಪರದೆ ಇಲ್ಲದ ಭೇಟಿ.

“ಸ್ಟೇ ಇದ್ದ ದಿನ ಅವನ ಪಾಳ್ಯಾಗ ಬರ್ತಾವೇನ್ರಿ ಸಾಹೇಬ್ರ?”

“ಕಾನೂನಿನ್ಯಾಗ ಪಾಳಿ ಅನ್ನೋದೇ ಇಲ್ಲವ್ವಾ. ಅವಧಿ ಒಂದೇ, ಅದು ಓಡ್ತಾನೇ ಇರ್ತದ.”

“ಮಲ್ಲಣ್ಣನ ಲೆಕ್ಕದಾಗ?”

“ಅದು ನಮ್ಮ ಕೋರ್ಟಿನ ಹದ್ದಿನ್ಯಾಗ ಬರಂಗಿಲ್ಲ.”

ಆಣೆ ಇಳಿಸಬೇಕಾದರೆ ಎತ್ತಿದ ಇಬ್ಬರೂ ಗುಡಿಗೆ ಬಂದು ಭಂಡಾರವನ್ನು ದೇವರಿಗೇ ಹಿಂದಿರುಗಿಸಬೇಕು. ಒಂದು ಭಾನುವಾರ ಅತ್ತೆ ಭಾಲ್ಕಿ ಕಡೆಯ ಮೈಲಾರಕ್ಕೆ ಹೋದಳು, ಅಧ್ಯಕ್ಷರಿಗೂ ಹೇಳಿ ಕಳಿಸಿದ್ದಳು. ಅವರು ಬಂದರು, ಮಡಚಿ ಕಟ್ಟಿದ ಪಂಚೆಯಲ್ಲಿ, ಮುಖ ಕಂದಿಸಿಕೊಂಡು. ಗುಡಿಯ ಮುಂದಿನ ಗದ್ದಲದಲ್ಲಿ ನಾನು ಹಿಂದೆ ಬಿದ್ದೆ. ಅಷ್ಟು ದೂರದಿಂದ ಕೇಳಿದ್ದು ಅವರದೊಂದೇ ಮಾತು.

“ನಾ ಇಳಸಂಗಿಲ್ಲ ಅಕ್ಕಾ. ನೀವು ಮುರೀತೀರಂದ್ರ ಮುರೀರಿ. ನಾ ನಿಮಗ ಶಾಪ ಹಾಕಂಗಿಲ್ಲ.”

ಅತ್ತೆ ಭಂಡಾರ ಹಿಡಿದ ಮುಷ್ಟಿ ಬಿಗಿದು ನಿಂತಿದ್ದಳು. ಜನ ಭಂಡಾರ ತೂರಿದರು, ಗಾಳಿಯೆಲ್ಲ ಹಳದಿಯಾಯಿತು. ಅದು ಇಳಿಯುವಷ್ಟರಲ್ಲಿ ಅವಳ ಕೈ ಖಾಲಿಯಾಗಿತ್ತು. ಆಣೆ ಇಳಿಸಿ ದೇವರಿಗೆ ಸುರಿದಳೋ, ಉಳಿಸಿಕೊಂಡು ಹಣೆಗೆ ಹಚ್ಚಿಕೊಂಡಳೋ ತಿಳಿಯಲಿಲ್ಲ, ಅಂದು ಎಲ್ಲರ ಹಣೆಯೂ ಒಂದೇ ಬಣ್ಣ. ಬಸ್ಸಿನಲ್ಲಿ ಕೇಳಿದೆ. “ಕಿಡಕಿ ಹಾಕು ತಮ್ಮಾ, ಧೂಳ ಬರ್ತದ,” ಎಂದಳು.

ಅವಿಶ್ವಾಸದ ಸಭೆ ನಡೆಸಲು ಬೀದರಿನಿಂದ ಸರ್ಕಾರಿ ಸಾಹೇಬರು ಬಂದರು. ಬಾಗಿಲು ಹಾಕಿದರು, ನಾವು ಹೊರಗೆ ಬೇವಿನ ಗಿಡದ ಕೆಳಗೆ ನಿಂತೆವು. ಬಾಗಿಲು ತೆರೆದಾಗ ಗೊತ್ತುವಳಿ ಬಿದ್ದಿತ್ತು, ಒಂದು ಕೈಯ ಕೊರತೆಯಿಂದ. ಉಪಾಧ್ಯಕ್ಷರ ಕಡೆಯವರು ಅತ್ತೆಯೇ ಕೈ ಎತ್ತಲಿಲ್ಲ ಎಂದರು. ಓಣಿಯ ಕೆಲವು ಹೆಂಗಸರು ಬಹಳ ದಿನ ಅವಳನ್ನು ಮಾತನಾಡಿಸಲಿಲ್ಲ. ಅತ್ತೆ ನನಗೆ ಹೇಳಿದ್ದು, “ನಾ ಎತ್ತಿದ್ದೆ. ಕಡೀಗಿ ಇನ್ನ್ಯಾರೋ ಇಳಿಸ್ಯಾರ.” ಇದನ್ನು ಅವಳು ಒಮ್ಮೆ ಮಾತ್ರ ಹೇಳಿದಳು, ನನ್ನ ಮುಖ ನೋಡದೆ, ಕುರಿಯ ಕಾಲಿನ ಮುಳ್ಳು ತೆಗೆಯುತ್ತ.

ಅವಧಿ ಮುಗಿಯಿತು. ಕೇಸು ಏನಾಯಿತೆಂದು ಊರಿನಲ್ಲಿ ಈಗ ಯಾರೂ ಕೇಳುವುದಿಲ್ಲ. ಓಣಿಗೆ ನಲ್ಲಿ ಬಂದಿಲ್ಲ. ಒಳಗಿದ್ದ ಮೆಂಬರುಗಳನ್ನು ನಾನು ಒಬ್ಬೊಬ್ಬರಾಗಿ ಕೇಳಿದ್ದೇನೆ. ತಾವು ಎತ್ತಲಿಲ್ಲ ಎಂದವರು ಅಧ್ಯಕ್ಷರ ಕಡೆಯವರು ಮಾತ್ರ, ಉಳಿದವರೆಲ್ಲ ಎತ್ತಿದೆವು ಎನ್ನುತ್ತಾರೆ, ಹಾಗಿದ್ದರೆ ಗೊತ್ತುವಳಿ ಬೀಳಬಾರದಿತ್ತು. ಅತ್ತೆ ಆ ದಿನ ಕೈ ಎತ್ತಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಎತ್ತಿರಲಿ ಎಂದು ಬಯಸುತ್ತೇನೆಯೋ, ಎತ್ತದಿರಲಿ ಎಂದೋ, ಅದೂ ಗೊತ್ತಿಲ್ಲ.