ಪಕ್ಕದ ಜಾಗ

ಹೊಸ ಪೇಂಟಿನ ವಾಸನೆ ಮೂಗಿಗೆ ಬಡಿದಾಗಲೇ ಗೊತ್ತಾಯಿತು, ಕೋಲಾರದ ನಮ್ಮ ಕೆರೆ ಏರಿಯ ಮೇಲೆ ಪಾರ್ಕಿನ ಕೆಲಸ ಮುಗಿದಿದೆ ಎಂದು. ಏರಿ ಹತ್ತುವ ಕಡೆ ನುಣ್ಣನೆಯ ಇಳಿಜಾರು ಹಾದಿ ಬಂದಿದೆ. ಮೇಲೆ ದಾರಿಯನ್ನು ಅಗಲ ಮಾಡಿದ್ದಾರೆ. ಬೆಂಚಿನ ಪಕ್ಕದಲ್ಲಿ ಒಂದಿಷ್ಟು ಜಾಗ ಬಿಟ್ಟು, ನೆಲದ ಮೇಲೆ ನೀಲಿ ಬಣ್ಣದಲ್ಲಿ ವೀಲ್‌ಚೇರಿನ ಚಿತ್ರ ಬರೆದಿದ್ದಾರೆ. ನನ್ನಂಥವರು ಅಲ್ಲಿ ಕುರ್ಚಿ ನಿಲ್ಲಿಸಿಕೊಂಡು, ಜೊತೆಗೆ ಬಂದವರ ಪಕ್ಕದಲ್ಲೇ ಕೂತು ನೀರು ನೋಡಬಹುದು. ಕಂಡು ಖುಷಿಪಡಬೇಕಾದವನು ನಾನು. ಆದರೆ ಖುಷಿಯಾಗಲಿಲ್ಲ.

ವೀಲ್‌ಚೇರಿನಲ್ಲಿ ಕೂತವರ ಕಷ್ಟಗಳನ್ನು ಕೇಳಿ ಕೇಳಿ ನಿಮಗೂ ಸಾಕಾಗಿರಬಹುದು. ಯಾರೂ ಹೇಳದ ಸಂಗತಿ ಒಂದಿದೆ. ನಮ್ಮನ್ನು ಸುತ್ತಾಡಿಸುವವರು ಯಾವಾಗಲೂ ನಮ್ಮ ಬೆನ್ನ ಹಿಂದೆ ಇರುತ್ತಾರೆ. ಊರೆಲ್ಲ ಕಾಣುತ್ತದೆ, ಅವರು ಮಾತ್ರ ಕಾಣುವುದಿಲ್ಲ.

ಬಸ್ಸಿನಿಂದ ಬಿದ್ದು ನನ್ನ ಕಾಲುಗಳ ಸ್ವಾಧೀನ ತಪ್ಪಿದ ಮೇಲೆ, ಸಂಜೆಯಾದರೆ ಹೆಂಡತಿ ಸುಶೀಲ ನನ್ನನ್ನು ಈ ಏರಿಗೆ ತಳ್ಳಿಕೊಂಡು ಬರುತ್ತಿದ್ದಳು. ಆಗ ಇದು ಬರೀ ಮಣ್ಣಿನ ಕಾಲುದಾರಿ. ಕೂತಲ್ಲೇ ಕೂತು ನಾನು ಬೇರೆ ದಪ್ಪಗಾಗಿದ್ದೆ. ಅವಳು ಸುಗಟೂರಿನವಳು, ಮನೆಮಾತು ತೆಲುಗು. ಕನ್ನಡದಲ್ಲಿ ಮಾತಾಡುತ್ತ ಹೊರಟವಳು ಏರು ಬರುತ್ತಲೇ ತೆಲುಗಿಗೆ ಇಳಿಯುತ್ತಿದ್ದಳು. “ಅಯ್ಯೋ ದೇವುಡಾ” ಎಂದು ಕಿವಿಗೆ ಬಿದ್ದರೆ ಅರ್ಧ ಹತ್ತಿದ್ದೇವೆ ಎಂದು ಅರ್ಥ. ತಳ್ಳುವ ಕೆಲಸ ಅವಳದು, ಕಂಡದ್ದನ್ನು ಹೇಳುವ ಕೆಲಸ ನನ್ನದು.

“ಮುಂದೆ ಏನೈತೆ ಹೇಳ್ರೀ. ನಂಗೆ ನಿಮ್ ಬೋಳುತಲೆ ಬಿಟ್ರೆ ಇನ್ನೇನೂ ಕಾಣ್ತಿಲ್ಲ” ಎನ್ನುತ್ತಿದ್ದಳು.

ನೀರು ಬತ್ತಿ ಜಾಲಿ ಬೆಳೆದ ವರ್ಷಗಳಲ್ಲೂ ನಾನು ಕೊಕ್ಕರೆ ಕೂತಿದೆ ಎನ್ನುತ್ತಿದ್ದೆ. ಅವಳು ನಂಬುತ್ತಿರಲಿಲ್ಲ, ಆದರೂ “ಎಷ್ಟ್ ಅವೆ?” ಎಂದು ಕೇಳುತ್ತಿದ್ದಳು.

ಮೇಲೆ ತಲುಪಿದ ಮೇಲೆ ನನ್ನನ್ನು ಕೆರೆಯ ಕಡೆ ತಿರುಗಿಸಿ, ಗಾಲಿಗೆ ಕಲ್ಲು ಕೊಟ್ಟು, ಹಿಂದಿದ್ದ ಹೊಂಗೆಮರದ ಬುಡದಲ್ಲಿ ಕೂರುತ್ತಿದ್ದಳು.

“ಒಂದ್ಸಲ ಇಲ್ಲಿ ನಿಮ್ ಪಕ್ಕದಲ್ಲಿ ಕೂತ್ಕೋಬೇಕು ಕಣ್ರೀ. ಮನೇಲಿ ಟಿವಿ ಮುಂದೆ ಕೂತಿದ್ದು ಲೆಕ್ಕಕ್ಕಿಲ್ಲ” ಎಂದಳು ಒಂದು ಸಂಜೆ.

“ಜಾಗ ಎಲ್ಲೈತೆ? ಪಕ್ಕಕ್ಕೆ ಬಂದ್ರೆ ಕೆರೆಗೆ ಬೀಳ್ತೀಯ” ಎಂದೆ. ಇಬ್ಬರೂ ನಕ್ಕೆವು.

ಸೆರಗಿನಿಂದ ಮುಖ ಒರೆಸಿಕೊಂಡ ಮೇಲೆಯೇ ಅವಳು ನನ್ನೆದುರು ಬರುತ್ತಿದ್ದುದು. ಅಷ್ಟು ಹೊತ್ತಿಗೆ ಆಯಾಸದ ಗುರುತೂ ಇರುತ್ತಿರಲಿಲ್ಲ. ಪಾರ್ಕಿನ ಕೆಲಸ ಶುರುವಾಗುವ ಮೊದಲೇ, ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲ.

ಇವತ್ತು ತಳ್ಳಿಕೊಂಡು ಬಂದವಳು ಮಗಳು ಮಂಜುಳ. ನೀಲಿ ಚಿತ್ರದ ಮೇಲೆ ನನ್ನ ಕುರ್ಚಿ ನಿಲ್ಲಿಸಿ, ತಾನು ಬೆಂಚಿನ ಮೇಲೆ ಕೂತಳು. ನಾನು ಗಾಲಿ ಹಿಡಿದು, ನೀರಿಗೆ ಬೆನ್ನು ಮಾಡಿ ಅವಳ ಕಡೆ ತಿರುಗಿದೆ.

“ಅಪ್ಪಾ, ಕೆರೆ ಆ ಕಡೆ ಐತೆ.”

“ಗೊತ್ತು ಕಣೇ. ಅದನ್ನ ನೋಡಿದೀನಿ.”

ಅವಳಿಗೆ ಇನ್ನೂ ಏದುಸಿರು. ತುಟಿಯ ಮೇಲೆ ಬೆವರು, ಹಣೆಗೆ ಅಂಟಿದ ಕೂದಲು. ಒರೆಸಿಕೊಳ್ಳಲು ದುಪಟ್ಟಾ ಎತ್ತಿದಳು.

“ತಡಿ, ಆಮೇಲ್ ಒರೆಸ್ಕೋ” ಎಂದೆ.

ಸುಶೀಲಳ ಈ ಮುಖವನ್ನು ನಾನು ಒಂದು ದಿನವೂ ನೋಡಿರಲಿಲ್ಲ.